ಪೂಜೆಯ ಗರಿಕೆ, ಪರದೇಶದ ಹುಲ್ಲುಹಾಸು

ಗೌರಿ-ಗಣೇಶ ಹಬ್ಬದ ಹಿಂದಿನ ದಿನ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೊಳದ ಲೆಕ್ಕದ ಮಲ್ಲಿಗೆ, ರಾಶಿ ಹಾಕಿದ ಸೇವಂತಿಗೆಯ ಪಕ್ಕದಲ್ಲೇ ಗರಿಕೆಯ ಪುಟ್ಟ ಕಟ್ಟುಗಳೂ ಇರುತ್ತವೆ. 21 ಗರಿಕೆಯಿಲ್ಲದೆ ವಿನಾಯಕನ ಪೂಜೆ ಪೂರ್ಣವಾಗದು. ಹೊಲದಲ್ಲಾದರೋ ಇದೇ ಗರಿಕೆ ರೈತನಿಗೆ ದೊಡ್ಡ ಕಾಟ. ಕಿತ್ತಷ್ಟೂ ಗೆಣ್ಣು ಗೆಣ್ಣಿಗೆ ಬೇರು ಬಿಟ್ಟು ಮತ್ತೆ ಚಿಗುರುತ್ತದೆ. ದೇವರಿಗೆ ಬೇಕಾದ, ರೈತನಿಗೆ ಬೇಡವಾದ ಈ ಹುಲ್ಲು ಸಾಗರದಾಚೆ ಆಟದ ಮೈದಾನಗಳನ್ನು ಆಳತೊಡಗಿದ ಕಥೆ ಸ್ವಾರಸ್ಯವಾದುದು.

ಸಸ್ಯಶಾಸ್ತ್ರಜ್ಞರು ಗರಿಕೆಯನ್ನು ಸೈನೊಡಾನ್ ಡ್ಯಾಕ್ಟಿಲಾನ್ ಎನ್ನುತ್ತಾರೆ. ಅಮೆರಿಕದವರಿಗೆ ಅದು ಬರ್ಮುಡಾ ಹುಲ್ಲು. ಆದರೆ ಅದರ ಮೂಲ ಬರ್ಮುಡಾ ದ್ವೀಪವಲ್ಲ. ಅದು ಬಿಸಿಲನ್ನು ನಂಬಿದ ಹುಲ್ಲು. ಉಷ್ಣಾಂಶ 27ರಿಂದ 35 ಡಿಗ್ರಿ ಸೆಲ್ಸಿಯಸ್ ಇದ್ದಾಗ ಹುಲುಸಾಗಿ ಹಬ್ಬುತ್ತದೆ, 10 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ನಿಂತು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಮೈಸೂರಿನ ಮಾಗಿಯ ಚಳಿ ಅಷ್ಟಕ್ಕೆ ಇಳಿಯುವುದು ಅಪರೂಪ. ಆದರೆ ನೆಲವೇ ಹೆಪ್ಪುಗಟ್ಟುವ ನಾಡಿನಲ್ಲಿ ಗರಿಕೆಯ ಬದುಕು ಕಷ್ಟ. ಎಲೆ ಒಣಗಿದರೆ ಚಿಂತೆಯಿಲ್ಲ. ಬುಡದ ಮತ್ತು ನೆಲದೊಳಗಿನ ಕಾಂಡದ ಮೊಗ್ಗುಗಳು ಸತ್ತರೆ ವಸಂತದಲ್ಲಿ ಮತ್ತೆ ಚಿಗುರುವುದೇ ಇಲ್ಲ.

ಈ ಹುಲ್ಲಿನ ಸುಧಾರಣೆಗೆ ಬುನಾದಿ ಹಾಕಿದವರು ಗ್ಲೆನ್ ಬರ್ಟನ್. 1936ರಲ್ಲಿ ಅವರು ಜಾರ್ಜಿಯಾ ರಾಜ್ಯದ ಟಿಫ್ಟನ್ ಕೃಷಿ ಸಂಶೋಧನಾ ಕೇಂದ್ರವನ್ನು ಸೇರಿದರು. ಮೊದಲು ಕೈಹಾಕಿದ್ದು ದನದ ಮೇವಿಗೆ. 1943ರಲ್ಲಿ ‘ಕೋಸ್ಟಲ್’ ತಳಿ ಹೊರಬಂತು. ಆಮೇಲೆ ಹುಲ್ಲುಹಾಸಿನತ್ತ ತಿರುಗಿದರು. ನಮ್ಮ ಗರಿಕೆಯನ್ನು ದಕ್ಷಿಣ ಆಫ್ರಿಕದ ನವಿರು ಎಲೆಯ ಇನ್ನೊಂದು ಜಾತಿಯೊಡನೆ ಕೂಡಿಸಿ 1956ರಲ್ಲಿ ‘ಟಿಫ್‌ಗ್ರೀನ್’ ತಂದರು. 1960ರ ‘ಟಿಫ್‌ವೇ’ ಮಾತ್ರ ಅದೃಷ್ಟದ ಕೂಸು: 1954ರಲ್ಲಿ ಜೊಹಾನ್ಸ್‌ಬರ್ಗ್‌ನಿಂದ ಬಂದ ಬೀಜದಲ್ಲಿ ತಾನಾಗಿಯೇ ಮೂಡಿದ್ದ ಮಿಶ್ರತಳಿ ಅದು.

ಗರಿಕೆಯಲ್ಲಿ ಸಾಮಾನ್ಯವಾಗಿ 36 ವರ್ಣತಂತುಗಳು, ಆಫ್ರಿಕದ ಜಾತಿಯಲ್ಲಿ 18. ಎರಡರ ಅರ್ಧರ್ಧ ಸೇರಿದ ಮಗುವಿಗೆ 27. ಈ ಬೆಸ ಸಂಖ್ಯೆ ಸರಿಯಾಗಿ ಜೋಡಿಯಾಗದ ಕಾರಣ ಅದು ಬಂಜೆ, ಬೀಜ ಕಟ್ಟುವುದಿಲ್ಲ. ಹಾಗಾಗಿ ಬಳ್ಳಿಯ ತುಂಡುಗಳನ್ನೇ ನೆಡಬೇಕು. ಮೈದಾನದ ಉದ್ದಕ್ಕೂ ಒಂದೇ ಬಣ್ಣ, ಒಂದೇ ನುಣುಪು ಬರುವ ಗುಟ್ಟು ಇದೇ. ಅಲ್ಲಿರುವುದೆಲ್ಲ ವಾಸ್ತವವಾಗಿ ಒಂದೇ ಗಿಡ.

ಚಳಿಯನ್ನು ಗೆಲ್ಲುವ ಕೆಲಸ ಮುಖ್ಯವಾಗಿ ಒಕ್ಲಹೋಮಾ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. ಸಸಿಗಳನ್ನು ಶೀತಕೋಣೆಯಲ್ಲಿಟ್ಟು, ಶಾಖವನ್ನು ಹಂತಹಂತವಾಗಿ ಇಳಿಸಿ, ಅರ್ಧದಷ್ಟು ಸಾಯುವ ಮಟ್ಟ ಯಾವುದೆಂದು ನೋಡುತ್ತಾರೆ. ಬದುಕಿ ಉಳಿದದ್ದು ನುಣುಪಿನಲ್ಲೂ ಗೆಲ್ಲಬೇಕು. ಹೀಗೆ 2002ರಲ್ಲಿ ‘ಪೇಟ್ರಿಯಟ್’, 2010ರಲ್ಲಿ ‘ಲ್ಯಾಟಿಟ್ಯೂಡ್ 36’ ಬಂದವು. ಎರಡನೆಯದರ ಹೆಸರಿನಲ್ಲಿರುವ 36, ಅಕ್ಷಾಂಶದ ಲೆಕ್ಕ. ನಮ್ಮ ಮೈಸೂರು ಇರುವುದು 12ರಲ್ಲಿ.

ಬರ್ಟನ್‌ರಿಗೂ ಮೈಸೂರಿಗೂ ಇನ್ನೊಂದು ನಂಟುಂಟು. ಅವರು ಸಜ್ಜೆಯಲ್ಲಿ ರೂಪಿಸಿದ ‘ಟಿಫ್ಟ್ 23ಎ’ ಎಂಬ ತಾಯಿತಳಿಯಿಂದಲೇ 1965ರಲ್ಲಿ ಭಾರತದ ಮೊದಲ ಸಂಕರಣ ಸಜ್ಜೆ ‘ಎಚ್‌ಬಿ-1’ ಹುಟ್ಟಿತು. ಇಳುವರಿ ಹೆಚ್ಚಿತು. ಅದೇ ತಾಯಿಯ ಮಕ್ಕಳು ಹೊಲಹೊಲಗಳನ್ನು ತುಂಬಿದವು. 1970ರ ದಶಕದ ಆರಂಭದಲ್ಲಿ ಕೇದಿಗೆ ರೋಗ ಬಡಿದಾಗ ತಡೆಯುವವರಿಲ್ಲದೆ ಬೆಳೆ ನೆಲಕಚ್ಚಿತು. ಆ ರೋಗದ ಗುಣ, ಹರಡುವ ಬಗೆ, ನಿಯಂತ್ರಣದ ದಾರಿಗಳನ್ನು ಅಭ್ಯಸಿಸಿದವರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕೆ.ಎಂ. ಸಫೀವುಲ್ಲಾ ಪ್ರಮುಖರು. ಮಾನಸಗಂಗೋತ್ರಿಯಲ್ಲಿ ಅವರು ನಡೆಸಿದ ಕೆಲಸ ಜಗತ್ತಿನ ವಿಜ್ಞಾನಿಗಳ ಗಮನ ಸೆಳೆಯಿತು.

ಏಕರೂಪಕ್ಕೆ ತೆರಬೇಕಾದ ಬೆಲೆಯನ್ನು ಸಜ್ಜೆ ಹೀಗೆ ತೋರಿಸಿಕೊಟ್ಟಿತು. ಹುಲ್ಲುಹಾಸಿನಲ್ಲಿ ರೋಗ ಬಂದರೆ ಆಟ ನಿಲ್ಲಬಹುದು; ಸಜ್ಜೆಗೆ ಬಂದರೆ ರೊಟ್ಟಿಯೇ ಇಲ್ಲ. ಚಳಿಗೆ, ಬರಕ್ಕೆ, ರೋಗಕ್ಕೆ ಮುಂದೆ ಬೇಕಾಗುವ ಗುಣ ಯಾವ ಗಿಡದಲ್ಲಿದೆಯೆಂದು ಮೊದಲೇ ಹೇಳಲಾಗದು. ಹೊಸ ತಳಿ ಮಾಡುವವರು ಕೊನೆಗೆ ಹುಡುಕಿಕೊಂಡು ಹೋಗುವುದು ಯಾರೂ ಬಿತ್ತದೆ ಬೆಳೆದ ಗರಿಕೆಯನ್ನೇ. ‘ಪೇಟ್ರಿಯಟ್’ ತಳಿಯ ಹಿರಿಯರಲ್ಲಿ ಒಂದು ಚೀನಾದ ಶಾಂಘೈಯಲ್ಲಿ ಸಿಕ್ಕ ಹುಲ್ಲು.

ನಮ್ಮ ಹೊಲದ ಬದುಗಳಲ್ಲಿ, ಕೆರೆಯ ಏರಿಯ ಮೇಲೆ, ರಸ್ತೆಯಂಚಿನಲ್ಲಿ ಇರುವ ಗರಿಕೆಯೂ ಒಂದೇ ಬಗೆಯದಲ್ಲ. ಒಂದು ನವಿರು, ಒಂದು ಒರಟು, ಒಂದು ಬೇಸಿಗೆಯಲ್ಲೂ ಹಸಿರು. ಬದುಗಳಿಗೆ ಸಿಮೆಂಟು ಬಿದ್ದು, ಕಳೆನಾಶಕ ಸುರಿದ ಮೇಲೆ ಆ ಭೇದಗಳೂ ಹೋದಂತೆಯೇ. ಹಬ್ಬಕ್ಕೆ ಗರಿಕೆ ಕಟ್ಟು ಕೊಳ್ಳುವಾಗ ಅದು ಎಲ್ಲಿಂದ ಬಂತೆಂದು ಮಾರುವವರನ್ನು ಒಮ್ಮೆ ಕೇಳಿ ನೋಡಬಹುದು.