ಅಳುವುದಕ್ಕೊಂದು ನೆವ: ನಾಯಿಯ ಸಾವು ಮತ್ತು ನೆನಪಿನ ಚರಿತ್ರೆ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನವಿದೆ. ಇತಿಹಾಸದ ವಿದ್ಯಾರ್ಥಿಗಳು ಅದನ್ನು ಓದುವುದು ತಕ್ಕೋಲದ ಯುದ್ಧಕ್ಕಾಗಿ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗರ ಇಮ್ಮಡಿ ಬೂತುಗ, ಅವನ ಕೈಯಲ್ಲಿ ಹತನಾದ ಚೋಳ ರಾಜಾದಿತ್ಯ, ಹೀಗೆ ಹತ್ತನೆಯ ಶತಮಾನದ ದೊಡ್ಡವರೆಲ್ಲ ಆ ಕಲ್ಲಿನಲ್ಲಿದ್ದಾರೆ. ಆದರೆ ಕಲ್ಲು ನೆಟ್ಟದ್ದು ಇವರಾರ ಹೆಸರಿನಲ್ಲೂ ಅಲ್ಲ, ಕಾಳಿ ಎಂಬ ಬೇಟೆನಾಯಿಯ ಹೆಸರಿನಲ್ಲಿ.

ಬೂತುಗನ ಬಂಟ ಮಣಲೇರ ಯುದ್ಧದಲ್ಲಿ ಮೆರೆದ. ಮೆಚ್ಚಿದ ಒಡೆಯ ಬೇಕಾದ್ದನ್ನು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿಯನ್ನು. ಆಮೇಲೆ ಒಂದು ದಿನ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು; ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಂತಿತು. ಕಾಲ ಕ್ರಿ.ಶ. 949-50. ನಾಯಿ ಹಂದಿಗಳು ಒಂದನ್ನೊಂದು ಕಚ್ಚಿ ಹಿಡಿದ ಕೆತ್ತನೆ, ಅದರ ಸುತ್ತ ಹಳಗನ್ನಡದ ಅಕ್ಷರಗಳು. ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಅದಕ್ಕೊಂದು ಕಟ್ಟಳೆಯೂ ಇದೆ: ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ, ನಾಯಿ ಮಾಡಿದ ಪಾಪವೆಲ್ಲ ಅವನಿಗೆ.

ಈ ಕೊನೆಯ ಮಾತು ನನಗೆ ಯುದ್ಧದ ವಿವರಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮಣಲೇರ ತಾನು ಅತ್ತು ಸುಮ್ಮನಾಗಲಿಲ್ಲ. ತಾನು ಹೋದ ಮೇಲೂ ಯಾರೋ ಒಬ್ಬ ಊಟಕ್ಕೆ ಮುನ್ನ ಆ ನಾಯಿಯನ್ನು ನೆನೆಯಲೇಬೇಕು ಎಂದು ವ್ಯವಸ್ಥೆ ಮಾಡಿದ. ಹಾಗಿದ್ದೂ ಅವನಿಗೊಂದು ನೆವ ಬೇಕಾಯಿತು: ನಾಯಿ ಹೋರಾಡಿ ಸತ್ತಿತು. ಹುಣ್ಣಾಗಿ, ಜ್ವರ ಬಂದು ಜಗಲಿಯ ಮೂಲೆಯಲ್ಲಿ ಸತ್ತಿದ್ದರೆ ಕಲ್ಲು ಏಳುತ್ತಿತ್ತೇ? ಏಳುತ್ತಿರಲಿಲ್ಲ ಎಂದೇ ನನ್ನ ಊಹೆ. ನಾಯಿಯ ಶೋಕದ ಚರಿತ್ರೆಯನ್ನು ಈ ಪ್ರಶ್ನೆಯ ಜಾಡಿನಲ್ಲೇ ಓದಬಹುದು. ಬರಿದೆ ಪ್ರೀತಿಯ ನಾಯಿ ಎಂಬ ಕಾರಣಕ್ಕೆ ನಾಲ್ಕು ಜನರೆದುರು ಅಳುವ ಹಕ್ಕು ಮನುಷ್ಯನಿಗೆ ಯಾವಾಗ ಸಿಕ್ಕಿತು?

ಮಣ್ಣಿನೊಳಗಿನ ಸಾಕ್ಷ್ಯ ಇದಕ್ಕಿಂತ ಬಹಳ ಹಳೆಯದು. ಜರ್ಮನಿಯ ಬಾನ್ ನಗರದ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಸಿಕ್ಕ ಗುಂಡಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ನಾಯಿಯ ಮೂಳೆಗಳಿದ್ದವು. ಸುಮಾರು 14,000 ವರ್ಷ ಹಿಂದಿನದು. 2018ರಲ್ಲಿ ಪ್ರಕಟವಾದ ಅಧ್ಯಯನ ಅದರ ಹಲ್ಲುಗಳನ್ನು ಪರೀಕ್ಷಿಸಿ ಹೇಳಿತು: ಅದು ಏಳು ತಿಂಗಳ ಆಸುಪಾಸಿನ ಮರಿ, ಅದಕ್ಕೆ ಡಿಸ್ಟೆಂಪರ್ ತಗುಲಿತ್ತು. ನಾಯಿ ಸಾಕಿದವರಿಗೆ ಆ ಹೆಸರು ಕೇಳಿದರೇ ಎದೆ ಝಲ್ಲೆನ್ನುತ್ತದೆ. ವಾಂತಿ, ಭೇದಿ, ಆಮೇಲೆ ಫಿಟ್ಸು. ಆ ಮರಿ ವಾರಗಟ್ಟಲೆ ಬದುಕಿ ಉಳಿದಿತ್ತು; ಯಾರೋ ನೀರು ಕುಡಿಸಿ, ಮೈ ಒರೆಸಿ, ಬೆಚ್ಚಗೆ ಇಟ್ಟಿರದಿದ್ದರೆ ಅದು ಸಾಧ್ಯವಿರಲಿಲ್ಲ ಎಂಬುದು ಸಂಶೋಧಕರ ತರ್ಕ. ಬೇಟೆಗೂ ಕಾವಲಿಗೂ ಒದಗದ ಕಾಯಿಲೆಯ ಮರಿ ಅದು. ಬರೆಯಲು ಬಾರದ ಜನ ಯಾವ ನೆವವನ್ನೂ ಹುಡುಕದೆ ಅದನ್ನು ತಮ್ಮವರ ಪಕ್ಕದಲ್ಲಿ ಮಲಗಿಸಿದರು. ನಮ್ಮ ಕಾಶ್ಮೀರದ ಬುರ್ಜಹೋಮ್‌ನಲ್ಲೂ ನವಶಿಲಾಯುಗದ ಜನ ಮನುಷ್ಯರ ಜೊತೆ ನಾಯಿಗಳನ್ನು ಹೂತಿದ್ದಾರೆ, ಆದರೆ ಅದು ಪ್ರೀತಿಯೋ ಬಲಿಯೋ ಎಂಬ ವಾದ ಬೇರೆ.

ಅಕ್ಷರ ಬಂದ ಮೇಲೆ ಲೆಕ್ಕಾಚಾರವೂ ಬಂತು. ಈಜಿಪ್ಟಿನಲ್ಲಿ ಮನೆಯ ಬೆಕ್ಕು ಸತ್ತರೆ ಹುಬ್ಬು ಬೋಳಿಸುತ್ತಾರೆ, ನಾಯಿ ಸತ್ತರೆ ತಲೆಯ ಜೊತೆಗೆ ಇಡೀ ಮೈ ಬೋಳಿಸುತ್ತಾರೆ ಎಂದು ಹೆರೊಡೋಟಸ್ ಬರೆದ. ರೋಮನ್ನರು ಮುದ್ದಿನ ನಾಯಿಗಳಿಗೆ ಅಮೃತಶಿಲೆಯಲ್ಲಿ ಚರಮಶ್ಲೋಕ ಕೆತ್ತಿಸಿದರು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಮಾರ್ಗರೀಟಾ ಎಂಬ ನಾಯಿಯ ಫಲಕ ಅಂಥದ್ದು. ಒಡೆಯ ಒಡತಿಯರ ಮಡಿಲಿನಲ್ಲಿ ಮಲಗುತ್ತಿದ್ದ, ಮರಿ ಹಾಕುವಾಗ ಸತ್ತ ನಾಯಿ. ಆದರೆ ಇವೆಲ್ಲ ಉಳ್ಳವರ ಮನೆಯೊಳಗಿನ ಸಂಗತಿ.

ಊರ ನಡುವೆ ನಿಲ್ಲುವ ಸ್ಮಾರಕಕ್ಕೆ ಪರಾಕ್ರಮ ಬೇಕಿತ್ತು, ಇಲ್ಲವೆ ನಿಷ್ಠೆ. ತಮಿಳುನಾಡಿನ ಎಡುತ್ತನೂರಿನ ಏಳನೆಯ ಶತಮಾನದ ವೀರಗಲ್ಲಿನಲ್ಲಿ ವೀರನ ಜೊತೆ ಅವನ ನಾಯಿ ಕೋವಿವನ್ ಕೂಡ ಇದೆ. ಸಾತಾರದ ಬಳಿಯ ಸಂಗಮ ಮಾಹುಲಿಯಲ್ಲಿ ಛತ್ರಪತಿ ಶಾಹುವಿನ ನಾಯಿ ಖಂಡ್ಯಾನ ಸಮಾಧಿಯಿದೆ. ಹುಲಿಯಿಂದ ಒಡೆಯನನ್ನು ಉಳಿಸಿತು ಎಂಬುದು ಅದರ ಕತೆ. ರಾಯಗಡದಲ್ಲಿ ಶಿವಾಜಿಯ ಸಮಾಧಿಯ ಎದುರು ಇರುವ ವಾಘ್ಯಾನ ಪ್ರತಿಮೆ ಇಪ್ಪತ್ತನೆಯ ಶತಮಾನದ್ದು. ಒಡೆಯನ ಚಿತೆಗೆ ಹಾರಿದ ನಾಯಿ ಎಂಬ ಕತೆಗೆ ಚಾರಿತ್ರಿಕ ಆಧಾರವಿಲ್ಲವೆಂದು 2012ರಲ್ಲಿ ಕೆಲವರು ಅದನ್ನು ಕಿತ್ತರು, ಮತ್ತೆ ಕೂರಿಸಲಾಯಿತು, ಜಗಳ ಇನ್ನೂ ಮುಗಿದಿಲ್ಲ. ಚನ್ನಪಟ್ಟಣದ ಹತ್ತಿರದ ಅಗ್ರಹಾರ ವಳಗೆರೆಹಳ್ಳಿಯಲ್ಲಿ ಎರಡು ನಾಯಿಗಳಿಗೆ ಗುಡಿಯೇ ಇದೆ. ಅಲ್ಲಿಯ ಕಾರಣ ಇನ್ನೊಂದು ಬಗೆಯದು: ಕಾಣೆಯಾದ ನಾಯಿಗಳಿಗೆ ಗುಡಿ ಕಟ್ಟು ಎಂದು ಗ್ರಾಮದೇವತೆ ಕೆಂಪಮ್ಮನೇ ಕನಸಿನಲ್ಲಿ ಹೇಳಿದಳಂತೆ. ದೇವರ ಅಪ್ಪಣೆಯಾದ ಮೇಲೆ ಎದುರು ಹೇಳುವವರಾರು?

ಜಗತ್ಪ್ರಸಿದ್ಧವಾದ ಎರಡು ಪ್ರತಿಮೆಗಳನ್ನು ಇಲ್ಲಿಯೇ ನೋಡಬೇಕು. ಎಡಿನ್‌ಬರೋದ ಗ್ರೇಫ್ರಯರ್ಸ್ ಬಾಬಿ 1872ರಲ್ಲಿ ಸತ್ತಿತು, ಮರುವರ್ಷ ಪ್ರತಿಮೆ ಎದ್ದಿತು. ಟೋಕಿಯೋದ ಹಾಚಿಕೋ 1925ರಲ್ಲಿ ತೀರಿಕೊಂಡ ಪ್ರೊಫೆಸರ್ ಉಯೆನೋಗಾಗಿ ಶಿಬುಯಾ ನಿಲ್ದಾಣದಲ್ಲಿ ಕಾಯುತ್ತಲೇ ಇತ್ತು. ಅದು ಬದುಕಿರುವಾಗಲೇ, 1934ರಲ್ಲಿ, ಪ್ರತಿಮೆ ನಿಲ್ಲಿಸಿದರು. ಯುದ್ಧಕಾಲದಲ್ಲಿ ಲೋಹಕ್ಕಾಗಿ ಕರಗಿಸಿ, 1948ರಲ್ಲಿ ಮತ್ತೆ ಎರಕ ಹೊಯ್ದರು. ಸೂಕ್ಷ್ಮವಾಗಿ ನೋಡಿದರೆ ಇವೆರಡೂ ನಾಯಿಗಾಗಿ ಮನುಷ್ಯ ಪಟ್ಟ ದುಃಖದ ಸ್ಮಾರಕಗಳಲ್ಲ. ಮನುಷ್ಯನಿಗಾಗಿ ನಾಯಿ ಪಟ್ಟ ದುಃಖದ ಸ್ಮಾರಕಗಳು. ನಮ್ಮನ್ನು ಕಳೆದುಕೊಂಡು ನಾಯಿ ಕೊರಗಿತು ಎಂದರೆ ಊರೆಲ್ಲ ಚಂದಾ ಎತ್ತಿ ಕಂಚು ಹೊಯ್ಯುತ್ತದೆ. ನಾಯಿಯನ್ನು ಕಳೆದುಕೊಂಡು ನಾವು ಕೊರಗಿದರೆ, ‘ಬಿಡ್ರೀ, ಇನ್ನೊಂದು ತಂದ್ರಾಯ್ತು’ ಎನ್ನುತ್ತದೆ.

ಆ ಇನ್ನೊಂದು ಬಗೆಯ ದುಃಖಕ್ಕೆ ಕವಿ ಬೈರನ್ ನಾಚದೆ ಕಲ್ಲು ಕಟ್ಟಿಸಿದ. ಅವನ ನ್ಯೂಫೌಂಡ್‌ಲ್ಯಾಂಡ್ ನಾಯಿ ಬೋಟ್ಸ್‌ವೇನ್ 1808ರಲ್ಲಿ ಹುಚ್ಚುನಾಯಿ ರೋಗದಿಂದ ಸತ್ತಿತು. ನ್ಯೂಸ್ಟೆಡ್ ಅಬ್ಬಿಯಲ್ಲಿ ಅದರ ಸಮಾಧಿ ಭವ್ಯವಾಗಿದೆ. ತನ್ನನ್ನೂ ಅಲ್ಲೇ ಹೂಳಬೇಕೆಂದು 1811ರ ಉಯಿಲಿನಲ್ಲಿ ಬರೆದಿದ್ದ. ಕವಿಯ ಹುಚ್ಚಾಟವೆಂದು ಜನ ತಳ್ಳಿಹಾಕಬಹುದಿತ್ತು. ಮಧ್ಯಮವರ್ಗದ ಮನೆಗಳಿಗೆ ಆ ಧೈರ್ಯ ಬಂದದ್ದು ಆ ಶತಮಾನದ ಕೊನೆಗೆ, ಅದೂ ಕಾವಲುಗಾರನೊಬ್ಬನ ಹಿತ್ತಲಿನಿಂದ. ಲಂಡನ್ನಿನ ಹೈಡ್ ಪಾರ್ಕಿನ ಗೇಟಿನಲ್ಲಿದ್ದ ವಿನ್‌ಬ್ರಿಜ್, ಪಾರ್ಕಿಗೆ ಬರುತ್ತಿದ್ದ ಪರಿಚಿತ ಕುಟುಂಬದ ಚೆರಿ ಎಂಬ ನಾಯಿಯನ್ನು 1881ರಲ್ಲಿ ತನ್ನ ಕ್ವಾರ್ಟರ್ಸಿನ ಹಿಂದೆ ಹೂಳಲು ಒಪ್ಪಿದ. ಒಬ್ಬರಿಗೆ ಹ್ಞೂಂ ಎಂದದ್ದೇ ತಡ, 1903ರ ಹೊತ್ತಿಗೆ ಜಾಗ ತುಂಬಿ ಬಾಗಿಲು ಹಾಕಬೇಕಾಯಿತು. ಮುನ್ನೂರಕ್ಕೂ ಮಿಕ್ಕಿ ಪುಟ್ಟ ಪುಟ್ಟ ಕಲ್ಲುಗಳು. ನ್ಯೂಯಾರ್ಕಿನ ಹಾರ್ಟ್ಸ್‌ಡೇಲ್ (1896) ಪಶುವೈದ್ಯರೊಬ್ಬರು ತಮ್ಮ ಸೇಬಿನ ತೋಟದಲ್ಲಿ ಜಾಗ ಕೊಟ್ಟದ್ದರಿಂದ ಶುರುವಾಯಿತು. ಪ್ಯಾರಿಸ್ಸಿನ ಆನ್ಯೇರ್‌ನ ನಾಯಿ ಸ್ಮಶಾನ 1899ರದ್ದು. ನಗರದ ಮನೆಗಳಿಗೆ ಹಿತ್ತಲು ಇಲ್ಲವಾದಾಗಲೇ ಇವೆಲ್ಲ ಹುಟ್ಟಿದವು ಎಂಬುದನ್ನು ಮರೆಯಬಾರದು.

ಮನಶ್ಶಾಸ್ತ್ರ ಮಾತ್ರ ಬಹಳ ತಡವಾಗಿ ಎಚ್ಚೆತ್ತಿತು. 1917ರಲ್ಲಿ ಪ್ರಕಟವಾದ ಶೋಕದ ಕುರಿತ ಪ್ರಬಂಧದಲ್ಲಿ ಫ್ರಾಯ್ಡ್, ಪ್ರೀತಿಯ ವ್ಯಕ್ತಿಯನ್ನು ಕಳೆದುಕೊಂಡಾಗ ಮಾತ್ರವಲ್ಲ, ದೇಶ, ಸ್ವಾತಂತ್ರ್ಯ, ಆದರ್ಶಗಳನ್ನು ಕಳೆದುಕೊಂಡಾಗಲೂ ಶೋಕ ಉಂಟಾಗುತ್ತದೆ ಎಂದಿದ್ದ. ಆ ಪಟ್ಟಿಯಲ್ಲಿ ನಾಯಿ ಇಲ್ಲ. ಇಪ್ಪತ್ತು ವರ್ಷದ ಮೇಲೆ, 1937ರ ಜನವರಿಯಲ್ಲಿ, ಅವನದೇ ಚೌ ನಾಯಿ ಯೋಫಿ ಶಸ್ತ್ರಚಿಕಿತ್ಸೆಯ ನಂತರ ಸತ್ತಾಗ ಆ ಮುದುಕನಿಗೆ ಆದ ಸಂಕಟ ಅವನ ಕಾಗದಗಳಲ್ಲಿದೆ. ಸಿದ್ಧಾಂತಕ್ಕೆ ಅದು ಸೇರಲೇ ಇಲ್ಲ. 1977ರಲ್ಲಿ ಬ್ರಿಟಿಷ್ ಮನೋವೈದ್ಯ ಕೆನೆತ್ ಕೆಡ್ಡಿ ಸಾಕುಪ್ರಾಣಿಯ ಸಾವಿನಿಂದ ಹಾಸಿಗೆ ಹಿಡಿದವರ ಬಗ್ಗೆ ಬರೆದದ್ದೂ ಅದನ್ನು ರೋಗವೆಂದು ಕರೆದೇ. ನೆವವಿಲ್ಲದ ಅಳು ವೈದ್ಯರ ಕಣ್ಣಿಗೆ ಇನ್ನೂ ಕಾಯಿಲೆ.

ದಿಕ್ಕು ಬದಲಿಸಿದ್ದು 1989. ಕೆನೆತ್ ಡೋಕಾ ಎಂಬ ಅಮೆರಿಕನ್ ವಿದ್ವಾಂಸ ಸಮಾಜ ಮಾನ್ಯ ಮಾಡದ ಶೋಕಗಳನ್ನೆಲ್ಲ ಒಂದು ಹೆಸರಿನಡಿ ತಂದ: ವಿಚ್ಛೇದಿತ ಸಂಗಾತಿಯ ಸಾವು, ಗರ್ಭಪಾತ, ಗುಟ್ಟಿನ ಪ್ರೇಮಿಯ ಸಾವು, ಸಾಕುಪ್ರಾಣಿಯ ಸಾವು. ಅವನ ಮಾತಿನ ತಿರುಳು ಸರಳ. ದುಃಖ ದೊಡ್ಡದಾಗಿರುವುದೇ ತೊಂದರೆಯಲ್ಲ. ದುಃಖಿಗೆ ರಜೆಯಿಲ್ಲ, ಸೂತಕವಿಲ್ಲ, ಬಂದು ಕೂರುವ ನೆಂಟರಿಲ್ಲ, ಅದು ತೊಂದರೆ. ಅದೇ ವರ್ಷ ಕ್ಯಾಲಿಫೋರ್ನಿಯಾದ ಡೇವಿಸ್ ಪಶುವೈದ್ಯ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ಫೋನೆತ್ತಿ ಮಾತಾಡಿಸುವ ಸಹಾಯವಾಣಿ ಶುರುವಾಯಿತು. 1996ರಲ್ಲಿ ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು ಸತ್ತವರನ್ನು ಮರೆತು ಮುಂದೆ ಹೋಗುವುದೇ ಗುಣವಾಗುವುದು ಎಂಬ ಹಳೆಯ ನಂಬಿಕೆಯನ್ನು ಪ್ರಶ್ನಿಸಿದರು. ಸಂಬಂಧ ಬೇರೆ ರೂಪದಲ್ಲಿ ಮುಂದುವರಿಯುತ್ತದೆ ಎಂಬುದು ಅವರ ನಿಲುವು. ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆಯಿಡುವ ನಮಗೆ ಇದನ್ನು ಅಮೆರಿಕದವರು ಹೇಳಿಕೊಡಬೇಕಾಗಿರಲಿಲ್ಲ, ಇರಲಿ. ಆದರೂ ಗೋಡೆ ಪೂರ್ತಿ ಬಿದ್ದಿಲ್ಲ: 2022ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ ‘ದೀರ್ಘಕಾಲದ ಶೋಕ’ದ ವ್ಯಾಖ್ಯೆಯಲ್ಲಿ ಸತ್ತಿರಬೇಕಾದದ್ದು ಮನುಷ್ಯನೇ.

ವಿದ್ವಾಂಸರ ಪಾಡಿಗೆ ವಿದ್ವಾಂಸರಿರಲಿ, ಜನ ತಮ್ಮ ದಾರಿ ಹುಡುಕಿಕೊಂಡಿದ್ದರು. ಸತ್ತ ಪ್ರಾಣಿಗಳು ಕಾಮನಬಿಲ್ಲಿನ ಸೇತುವೆಯ ಬಳಿ ಒಡೆಯರಿಗಾಗಿ ಕಾಯುತ್ತವೆ ಎಂಬ ಗದ್ಯತುಣುಕು ದಶಕಗಳ ಕಾಲ ಅನಾಮಿಕವಾಗಿ ಪಶುಆಸ್ಪತ್ರೆಗಳ ಗೋಡೆಯ ಮೇಲೆ ತೂಗುತ್ತಿತ್ತು. ಅದನ್ನು ಎಡ್ನಾ ಕ್ಲೈನ್ ಎಂಬ ಸ್ಕಾಟ್ಲೆಂಡಿನ ಹುಡುಗಿ 1959ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮೇಜರ್ ಎಂಬ ನಾಯಿ ಸತ್ತಾಗ ಬರೆದದ್ದು ಎಂದು ಗೊತ್ತಾದದ್ದು 2023ರಲ್ಲಿ. ನನಗೆ ಅದು ತುಸು ಹೆಚ್ಚೇ ಸಿಹಿ. ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಒಳಗೆ ಬರಲೊಲ್ಲೆ ಎಂದ ಧರ್ಮರಾಯನ ಹಟವೇ ವಾಸಿ. ಕೊನೆಗೆ ನಾಯಿಯನ್ನು ಯಮಧರ್ಮನನ್ನಾಗಿ ಮಾಡಿದ ವ್ಯಾಸರ ಮೇಲೆ ನನಗೊಂದು ಸಣ್ಣ ಮುನಿಸಿದೆ. ಅಲ್ಲೂ ಬರೀ ನಾಯಿ ಸಾಲದಾಯಿತಲ್ಲ!

ಕನ್ನಡದಲ್ಲಿ ಬರೀ ನಾಯಿಗೆ ಜಾಗ ಕೊಟ್ಟವರು ತೇಜಸ್ವಿ. ‘ಕರ್ವಾಲೊ’ದಲ್ಲಿ (1980), ಆಮೇಲೆ ‘ಪರಿಸರದ ಕತೆ’ಯಲ್ಲಿ ಓಡಾಡುವ ಕಿವಿ, ಮಂದಣ್ಣ ಪ್ಯಾರರಷ್ಟೇ ಸಹಜವಾದ ಪಾತ್ರ. 2022ರ ಜೂನ್‌ನಲ್ಲಿ ಬಂದ ಕಿರಣ್‌ರಾಜ್ ಕೆ. ಅವರ ‘777 ಚಾರ್ಲಿ’ ಅದನ್ನು ಸಾವಿನವರೆಗೂ ಒಯ್ದಿತು. ಚಾರ್ಲಿ ಯಾರನ್ನೂ ಹುಲಿಯಿಂದ ಉಳಿಸುವುದಿಲ್ಲ. ಅದಕ್ಕೆ ಕ್ಯಾನ್ಸರ್ ಬರುತ್ತದೆ, ಸಾಯುತ್ತದೆ. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಸಿನಿಮಾ ನೋಡಿ, ಹಿಂದಿನ ವರ್ಷ ಸತ್ತ ತಮ್ಮ ನಾಯಿಯನ್ನು ನೆನೆದು ಕ್ಯಾಮೆರಾಗಳ ಎದುರೇ ಗಳಗಳನೆ ಅತ್ತರು. ಕೆಲವರು ನಕ್ಕರು. ಆದರೆ ಅಧಿಕಾರದ ಕುರ್ಚಿಯಲ್ಲಿ ಕೂತವರೊಬ್ಬರು ಯಾವ ನೆವವನ್ನೂ ಹೇಳದೆ ಮನೆಯ ನಾಯಿಗಾಗಿ ಅತ್ತದ್ದು ಸಣ್ಣ ಸಂಗತಿಯೇನಲ್ಲ.

ಚಾರ್ಲಿ ತಾನಾಗಿ ಸತ್ತಿತು. ಈಗ ಎಷ್ಟೋ ಮನೆಗಳಲ್ಲಿ ದಿನ ಗೊತ್ತು ಮಾಡುವವರು ನಾವೇ. ಕಿಡ್ನಿ ಕೈಕೊಟ್ಟ ಹದಿಮೂರು ವರ್ಷದ ಲ್ಯಾಬ್ರಡಾರು, ಹಿಂಗಾಲು ಎಳೆಯುತ್ತಿದೆ, ಡ್ರಿಪ್ ಹಾಕಿಸಿ ಹಾಕಿಸಿ ಮುಂಗಾಲಿನ ಕೂದಲು ಬೋಳಾಗಿದೆ. ಡಾಕ್ಟರು ‘ನೀವೇ ಯೋಚನೆ ಮಾಡಿ ಹೇಳಿ’ ಎನ್ನುತ್ತಾರೆ. ಇಂಜೆಕ್ಷನ್ ಕೊಡಿಸಿದವರಿಗೆ ಆತುರಪಟ್ಟೆನಾ ಎಂಬ ಕೊರಗು, ಕೊಡಿಸದವರಿಗೆ ನರಳಿಸಿದೆನಾ ಎಂಬ ಕೊರಗು. ಮನುಷ್ಯರ ಸಾವಿನಲ್ಲಿ ನಮ್ಮ ಹೆಗಲಿಗೆ ಬಾರದ ಹೊರೆ ಇದು. ಶೋಕದ ಹಳೆಯ ಶಾಸ್ತ್ರಗಳಲ್ಲಿ ಇದಕ್ಕೆ ಉತ್ತರವಿಲ್ಲ.

ಆಮೇಲಿನ ಪ್ರಶ್ನೆ ಜಾಗದ್ದು. ಮಲೆನಾಡು ಕರಾವಳಿಗಳಲ್ಲಿ ತೆಂಗಿನ ಬುಡದಲ್ಲಿ ಆಳವಾಗಿ ಗುಂಡಿ ತೋಡಿ, ಉಪ್ಪು ಸುರಿದು ಹೂಳುತ್ತಾರೆ. ಆ ಮರದ ಕಾಯಿ ಇಳಿಸುವಾಗೆಲ್ಲ ನಾಯಿಯ ಹೆಸರು ಬರುತ್ತದೆ. ಬೆಂಗಳೂರಿನ ನಾಲ್ಕನೆಯ ಮಹಡಿಯವರಿಗೆ ತೆಂಗಿನ ಬುಡ ಎಲ್ಲಿಂದ ಬರಬೇಕು? ಕೆಂಗೇರಿ ಕಡೆಯ ಪ್ರಾಣಿ ಸ್ಮಶಾನ, ಸುಮನಹಳ್ಳಿಯ ಪ್ರಾಣಿ ಚಿತಾಗಾರ ಇಂಥವರಿಗಾಗಿ. ಬೂದಿ ಮಡಕೆಯಲ್ಲಿ ಬರುತ್ತದೆ, ಕೆಲವರು ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿಗೆ ಬಿಡುತ್ತಾರೆ. ಮನೆಗೆ ಬಂದ ಮೇಲೆ ಬಾಗಿಲ ಹಿಂದೆ ನೇತುಬಿದ್ದ ಚೈನು, ಬೆಲ್ಟು, ಫ್ರಿಜ್ಜಿನಲ್ಲಿ ಅರ್ಧ ಉಳಿದ ಔಷಧಿ. ಆಫೀಸಿಗೆ ಮಾತ್ರ ಜ್ವರ ಎಂದು ಹೇಳಿ ರಜೆ ಹಾಕಿರುತ್ತಾರೆ.

ಈ ಸುಳ್ಳು ಹೇಳುವ ಕಷ್ಟ ಹಳ್ಳಿಗಳಲ್ಲಿ ಇಲ್ಲವೆಂದೇ ಕಾಣುತ್ತದೆ. ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ: ಊರಿನ ನಾಯಿ ಸತ್ತಿತು, ಯುವಕರು ತಮಟೆ ಬಡಿಸಿ ಮೆರವಣಿಗೆ ಮಾಡಿ ಮಣ್ಣು ಮಾಡಿದರು, ಹನ್ನೊಂದನೆಯ ದಿನಕ್ಕೆ ತಿಥಿಯ ಊಟ ಹಾಕಿದರು. ಬಸ್‌ಸ್ಟ್ಯಾಂಡಿನಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ಯ ಫ್ಲೆಕ್ಸು. ನಡುವೆ ನಾಯಿಯ ದೊಡ್ಡ ಫೋಟೋ, ಕೆಳಗೆ ಸಾಲಾಗಿ ಕೂಲಿಂಗ್ ಗ್ಲಾಸ್ ಹಾಕಿದ ಹುಡುಗರ ಪಾಸ್‌ಪೋರ್ಟ್ ಅಳತೆಯ ಮುಖಗಳು. ಪೇಟೆಯ ಓದುಗರಿಗೆ ಇದು ನಗೆಯ ಸುದ್ದಿ. ಆದರೆ ಡೋಕಾ ಇಲ್ಲವೆಂದು ಹೇಳಿದ್ದೆಲ್ಲ ಅಲ್ಲಿದೆ: ಹೊರಲು ಜನ, ಗೊತ್ತಾದ ದಿನ, ಊಟ. ಆ ನಾಯಿ ಯಾರನ್ನು ಉಳಿಸಿತ್ತು, ಎಷ್ಟು ಹಂದಿ ಹೊಡೆದಿತ್ತು ಎಂದು ಪಂಕ್ತಿಯಲ್ಲಿ ಕೂತ ಯಾರೂ ಕೇಳುವುದಿಲ್ಲ. ಪಾಯಸ ಬಡಿಸುವ ಹೊತ್ತಿಗೆ, ಅದು ಯಾರ್ಯಾರ ಮನೆಯ ಕೋಳಿ ಹಿಡಿದಿತ್ತು ಎಂಬ ಲೆಕ್ಕವೂ ಶುರುವಾಗಿರುತ್ತದೆ.