ಹಾಸಿನ ಅಡಿಯ ಕೇಬಲ್: ಕೆಲಸದ ಜಾಗದಲ್ಲಿ ನೆಲರಕ್ಷಣೆಯ ಮೂರು ಹೊಣೆಗಳು

ಸಾರಾಂಶ

ಕಚೇರಿ, ಕಾರ್ಯಾಗಾರ, ಸಭಾಂಗಣಗಳಲ್ಲಿ ನೆಲದ ಮೇಲೆ ಹಾಯುವ ಕೇಬಲ್‌ಗಳಿಗೆ ಮ್ಯಾಟ್ ಹೊದಿಸುವುದು ರೂಢಿ. ನಡೆಯುವವರು ಎಡವಬಾರದು, ಕೇಬಲ್ ಜಜ್ಜಿಹೋಗಬಾರದು, ಯಾರಿಗೂ ಶಾಕ್ ಹೊಡೆಯಬಾರದು ಎಂಬ ಮೂರು ನಿರೀಕ್ಷೆಗಳನ್ನು ಒಂದೇ ಹಾಸಿನ ಮೇಲೆ ಹೊರಿಸಲಾಗುತ್ತದೆ. ಈ ಮೂರಕ್ಕೂ ಬೇಕಾದ ಗುಣಗಳು ಬೇರೆ ಬೇರೆ, ಕೆಲವೆಡೆ ಒಂದಕ್ಕೊಂದು ವಿರುದ್ಧ. ಆದ್ದರಿಂದ ಹಾಸನ್ನು ಅವಧಿ ಗೊತ್ತುಪಡಿಸಿದ ತಾತ್ಕಾಲಿಕ ಉಪಾಯವಾಗಿ ಮಾತ್ರ ಬಳಸಬೇಕೆಂಬುದು ಈ ಲೇಖನದ ವಾದ.

ಕೀಲಿಪದಗಳು: ಕೇಬಲ್ ರ‍್ಯಾಂಪ್, ನಿರೋಧಕ ಮ್ಯಾಟ್, ಉಷ್ಣನಷ್ಟ, ಔದ್ಯೋಗಿಕ ಸುರಕ್ಷತೆ

1. ಪ್ರಸ್ತಾವನೆ

ಕಂಪ್ಯೂಟರ್ ಬರುವ ಮುನ್ನ ಕಟ್ಟಿದ ಕಚೇರಿಗಳಲ್ಲಿ ಪ್ಲಗ್ ಪಾಯಿಂಟುಗಳು ಗೋಡೆಗಷ್ಟೇ ಸೀಮಿತ. ಮೇಜುಗಳು ಕೋಣೆಯ ನಡುವೆ ಬಂದಂತೆಲ್ಲ ಎಕ್ಸ್‌ಟೆನ್ಷನ್ ಬೋರ್ಡಿನ ವೈರುಗಳು ನೆಲಕ್ಕಿಳಿದವು. ಸಭೆ ಸಮಾರಂಭಗಳಲ್ಲಿ ಮೈಕಿನ ವೈರಿಗೆ ಟೇಪು ಅಂಟಿಸಿ ಮೇಲೆ ಜಮಖಾನ ಎಳೆಯುವುದೂ ಇದೇ ಜಾಡಿನದು. ನೆಲ ಮತ್ತು ಓಡಾಟದ ದಾರಿಗಳಲ್ಲಿ ಅಡೆತಡೆ ಇರಕೂಡದೆಂದು 1948ರ ಕಾರ್ಖಾನೆ ಕಾಯ್ದೆಯ 32ನೇ ಕಲಮು ವಿಧಿಸಿತ್ತು. ಹಾಸು ಹೊದಿಸಿದ ಮಾತ್ರಕ್ಕೆ ಅಡೆತಡೆ ಇಲ್ಲವಾಗುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ.

2. ಕಾಲು ಮತ್ತು ಅಂಚು

ಬ್ರಿಟನ್ನಿನ ಅಧಿಕೃತ ಅಂಕಿಅಂಶಗಳಲ್ಲಿ, ಕೆಲಸದ ಜಾಗದ ಮಾರಕವಲ್ಲದ ಗಾಯಗಳ ಪೈಕಿ ಜಾರಿ, ಎಡವಿ ಬಿದ್ದವುಗಳದೇ ದೊಡ್ಡ ಪಾಲು: ಸುಮಾರು ಮೂರನೇ ಒಂದು ಭಾಗ. ಇದಕ್ಕೆ ಕಾರಣ ನಮ್ಮ ನಡಿಗೆಯಲ್ಲೇ ಇದೆ. ಹೆಜ್ಜೆ ಮುಂದಕ್ಕೆ ಬೀಸುವಾಗ ಪಾದದ ತುದಿ ನೆಲದಿಂದ ಮೇಲಿರುವುದು ಒಂದೆರಡು ಸೆಂಟಿಮೀಟರು ಮಾತ್ರ. ಆದ್ದರಿಂದ ಬೆರಳು ಗಾತ್ರದ ಕೇಬಲ್ಲಾಗಲಿ, ಮೇಲೆದ್ದ ಮ್ಯಾಟಿನ ಅಂಚಾಗಲಿ ಕಾಲಿಗೆ ತೊಡರುತ್ತದೆ. ಬರಿಯ ಕೇಬಲ್ ಕಣ್ಣಿಗಾದರೂ ಬೀಳುತ್ತದೆ. ಜಮಖಾನದಡಿಯ ಉಬ್ಬು ಕಣ್ಣಿಗೂ ಬೀಳದು.

ಇದಕ್ಕಾಗಿಯೇ ಬಂದದ್ದು ಒಳಗೆ ಕೇಬಲ್ ಕೂರಲು ಕಾಲುವೆ, ಎರಡೂ ಬದಿಗೆ ಇಳಿಜಾರು ಇರುವ ರಬ್ಬರ್ ರ‍್ಯಾಂಪ್. ದಪ್ಪ ಕೇಬಲ್‌ಗಳಿಗೆ ಬಳಸುವ ಐದು ಕಾಲುವೆಯ ರ‍್ಯಾಂಪುಗಳಲ್ಲಿ ಸುಮಾರು 50 ಮಿ.ಮೀ. ಎತ್ತರ, 500 ಮಿ.ಮೀ. ಅಗಲ ಇರುವಂಥವು ಸಾಮಾನ್ಯ. ಗಾಲಿಕುರ್ಚಿಗೆ ಒಪ್ಪಿತವಾದ 1:12ರ ಇಳಿಜಾರಿನ ಲೆಕ್ಕ ಹಿಡಿದರೆ 50 ಮಿ.ಮೀ. ಎತ್ತರಕ್ಕೆ ಒಂದೊಂದು ಬದಿಗೂ 600 ಮಿ.ಮೀ. ಬೇಕು. ಅಂದರೆ ಟ್ರಾಲಿಗೆ ಸಲೀಸಾದ ರ‍್ಯಾಂಪು ಗಾಲಿಕುರ್ಚಿಗೆ ಕಡಿದಾದ ದಿಬ್ಬ. ಕಟ್ಟಡಗಳು ಎಲ್ಲರಿಗೂ ಎಟುಕಬೇಕೆನ್ನುವ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಆಶಯವನ್ನು ಒಂದು ಮ್ಯಾಟು ಸದ್ದಿಲ್ಲದೆ ಮುರಿಯಬಲ್ಲದು.

3. ಕೇಬಲ್ ಮತ್ತು ಬಿಸಿ

ಹಾಸು ತುಳಿತವನ್ನು ತಡೆಯುತ್ತದೆ, ಜೊತೆಗೆ ಗಾಳಿಯನ್ನೂ ತಡೆಯುತ್ತದೆ. ಅಗ್ಗದ ಎಕ್ಸ್‌ಟೆನ್ಷನ್‌ಗಳಲ್ಲಿ ಸಿಗುವ 0.75 ಚದರ ಮಿ.ಮೀ. ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 26 ಓಮ್. ಹೋಗಿಬರುವ ಎರಡು ತಂತಿ ಸೇರಿ ಮೀಟರಿಗೆ 0.052 ಓಮ್. 230 ವೋಲ್ಟಿನಲ್ಲಿ 150 ವ್ಯಾಟಿನ ಕಂಪ್ಯೂಟರ್ ಸುಮಾರು 0.65 ಆಂಪಿಯರ್ ಎಳೆದರೆ ಕೇಬಲ್ಲಿನ ಪ್ರತಿ ಮೀಟರಿನಲ್ಲಿ ಹುಟ್ಟುವ ಬಿಸಿ 0.022 ವ್ಯಾಟ್; ಲೆಕ್ಕಕ್ಕಿಲ್ಲದಷ್ಟು. ಮಳೆಗಾಲದ ಮಡಿಕೇರಿಯಲ್ಲಿ ಅದೇ ಬೋರ್ಡಿಗೆ 1500 ವ್ಯಾಟಿನ ಹೀಟರ್ ಚುಚ್ಚಿದರೆ 6.5 ಆಂಪಿಯರ್ ಹರಿದು ಮೀಟರಿಗೆ 2.2 ವ್ಯಾಟ್ ಆಗುತ್ತದೆ. ಹೊರೆ ಹತ್ತು ಪಟ್ಟಾದರೆ ಬಿಸಿ ನೂರು ಪಟ್ಟು. ತೆರೆದ ಗಾಳಿಯಲ್ಲಿ ಈ ಬಿಸಿ ಆರಿಹೋಗುತ್ತದೆ. ದಪ್ಪ ಕಾರ್ಪೆಟ್ಟಿನಡಿ, ಅದರಲ್ಲೂ ಸುರುಳಿ ಸುತ್ತಿಟ್ಟ ಕೇಬಲ್ಲಿನಲ್ಲಿ, ಅದು ಕೂಡಿಕೊಳ್ಳುತ್ತ ಹೋಗುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆಯ ಮಿತಿ 70 ಡಿಗ್ರಿ ಸೆಲ್ಸಿಯಸ್. ಅದನ್ನು ಮೀರಿದಷ್ಟೂ ಹೊದಿಕೆಯ ಆಯಸ್ಸು ಕುಗ್ಗುತ್ತದೆ. ಮ್ಯಾಟಿನಡಿ ಸೇರಿದ ಮರಳು, ಮೇಲೆ ಓಡುವ ಟ್ರಾಲಿ ಎರಡೂ ಕೂಡಿ ಅದೇ ಹೊದಿಕೆಯನ್ನು ಸವೆಸುತ್ತವೆ.

ಅಮೆರಿಕದ ನಿಯಮಗಳು ಇಲ್ಲಿ ಪಾಠವಾಗುವಂತಿವೆ. ಅಲ್ಲಿನ ಔದ್ಯೋಗಿಕ ಸುರಕ್ಷತಾ ನಿಯಮದ ಪ್ರಕಾರ ಬಾಗುವ ವೈರುಗಳನ್ನು ಕಾಯಂ ವೈರಿಂಗಿಗೆ ಬದಲಾಗಿ ಬಳಸುವಂತಿಲ್ಲ. ಗೋಡೆ, ಚಾವಣಿ, ನೆಲಗಳ ಹಿಂದೆ ಮುಚ್ಚಿಡುವಂತೆಯೂ ಇಲ್ಲ. ಕಾರ್ಪೆಟ್ಟಿನಡಿ ಹಾಸಲೆಂದೇ ತಯಾರಾದ ಚಪ್ಪಟೆ ಕೇಬಲ್ಲಿಗೆ ಮಾತ್ರ ಅವರ ವಿದ್ಯುತ್ ಸಂಹಿತೆ ಅವಕಾಶ ಕೊಟ್ಟಿದೆ. ಅದರ ಮೇಲಿನ ಕಾರ್ಪೆಟ್ ತುಂಡು ಒಂದು ಚದರ ಮೀಟರ್ ಮೀರಕೂಡದು. ಅಂಟು ಬಿಚ್ಚಲು ಬರುವಂಥದ್ದಾಗಿರಬೇಕು. ಮುಚ್ಚುವುದಾದರೆ ತೆರೆದು ನೋಡಲು ಬರುವಂತೆ ಮುಚ್ಚಬೇಕೆಂಬ ತತ್ವ ಇದರ ಹಿಂದಿದೆ.

4. ದೇಹ ಮತ್ತು ವಿದ್ಯುತ್

ರಬ್ಬರ್ ಮ್ಯಾಟ್ ಎಂದೊಡನೆ ಶಾಕ್ ಹೊಡೆಯದು ಎಂಬ ಧೈರ್ಯ ಬರುತ್ತದೆ. ಆ ಧೈರ್ಯಕ್ಕೆ ತಕ್ಕ ಮ್ಯಾಟೇ ಬೇರೆ. ಭಾರತೀಯ ಮಾನಕ ಐಎಸ್ 15652:2006ರಲ್ಲಿ ನಿರೋಧಕ ಮ್ಯಾಟುಗಳ ವರ್ಗಗಳಿವೆ: 3.3 ಕಿಲೋವೋಲ್ಟ್‌ವರೆಗೆ ಎ ವರ್ಗ, 11ಕ್ಕೆ ಬಿ, 33ಕ್ಕೆ ಸಿ. ದಪ್ಪ ಕ್ರಮವಾಗಿ 2, 2.5 ಮತ್ತು 3 ಮಿ.ಮೀ. ಸ್ವಿಚ್‌ಬೋರ್ಡ್ ಪ್ಯಾನೆಲ್ ಮುಂದೆ ನಿಂತು ಕೆಲಸ ಮಾಡುವವರಿಗಾಗಿ ಇರುವ ಹಾಸು ಇದು. ಒಣಗಿದ್ದು, ಎಲ್ಲೂ ಬಿರಿಯದೆ ಇದ್ದರಷ್ಟೇ ಇದರ ಗುಣ ನಿಲ್ಲುತ್ತದೆ. ಕೇಬಲ್ ಮೇಲೆ ಎಳೆದರೆ ಉಬ್ಬಿನ ಜಾಗದಲ್ಲೇ ಮೊದಲು ಸವೆಯುತ್ತದೆ. ಇನ್ನು ಅಂಗಡಿಯಲ್ಲಿ ಸಿಗುವ ಕಪ್ಪು ರಬ್ಬರೆಲ್ಲ ನಿರೋಧಕವಲ್ಲ. ಬಲಕ್ಕೆಂದು ಬೆರೆಸುವ ಕಾರ್ಬನ್ ಬ್ಲ್ಯಾಕ್ ಹೆಚ್ಚಾದರೆ ಅದರಲ್ಲೂ ವಿದ್ಯುತ್ ಹರಿಯಬಲ್ಲದು. ಹಾಸಿನ ಮೇಲೆ ನಿಂತವನು ಶಾಕ್ ಹೊಡೆಯುವ ಯಂತ್ರವನ್ನು ಒಂದು ಕೈಯಲ್ಲಿ, ಅರ್ಥ್ ಆದ ಕಬ್ಬಿಣದ ಬೀರುವನ್ನು ಇನ್ನೊಂದರಲ್ಲಿ ಮುಟ್ಟಿದರೆ ಕಾಲಡಿಯ ರಬ್ಬರ್ ಯಾವ ಕೆಲಸಕ್ಕೂ ಬಾರದು. ಅಲ್ಲಿ ಜೀವ ಉಳಿಸುವುದು ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಸೋರಿಕೆಗೇ ಟ್ರಿಪ್ ಆಗುವ ಆರ್‌ಸಿಸಿಬಿ.

5. ಚರ್ಚೆ ಮತ್ತು ನಿರ್ಣಯ

ಕಾಲಿಗೆ ತೆಳುವಾದ, ಅಂಚು ಮೇಲೇಳದ ಹಾಸು ಬೇಕು. ಕೇಬಲ್ಲಿಗೆ ಗಟ್ಟಿಯಾದ, ಒಳಗೆ ಗಾಳಿಗೆ ಜಾಗವಿರುವ ಹಾಸು. ವಿದ್ಯುತ್ತಿನಿಂದ ದೇಹ ಕಾಯಲು ಸಪಾಟಾದ, ಬಿರುಕಿಲ್ಲದ ಹಾಸು. ಈ ಮೂರೂ ಒಂದೇ ವಸ್ತುವಿನಲ್ಲಿ ಕೂಡಿಬರುವುದಿಲ್ಲ. ಹಾಗಾಗಿ ಮೊದಲ ಆಯ್ಕೆ ಕೇಬಲ್ಲನ್ನು ನೆಲದಿಂದ ತೆಗೆಯುವುದೇ. ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರಗಳ ಸಾಲಿನ ಮೇಲೆ ಟ್ರಂಕಿಂಗ್ ಕಟ್ಟಿ ಅಲ್ಲಿಂದ ವಿದ್ಯುತ್ ಇಳಿಸುವ ಪದ್ಧತಿ ಇದಕ್ಕೆ ನಿದರ್ಶನ: ಸಾಲು ಬದಲಾದರೂ ನೆಲ ತೆರವಾಗಿಯೇ ಇರುತ್ತದೆ.

ಸಭೆ, ಪ್ರದರ್ಶನ, ದುರಸ್ತಿಯಂಥ ಸಂದರ್ಭಗಳಲ್ಲಿ ನೆಲದ ಮೇಲೆ ಹಾಯಿಸುವುದು ಅನಿವಾರ್ಯವಾದಾಗ ಮೂರು ಸಂಗತಿ ನೋಡಬೇಕು: ಅಲ್ಲಿ ದಾಟುವವರು ಯಾರು, ಹರಿಯುವ ಕರೆಂಟ್ ಎಷ್ಟು, ಎಷ್ಟು ದಿನಕ್ಕೆ. ಮೊದಲನೆಯದು ರ‍್ಯಾಂಪಿನ ಇಳಿಜಾರನ್ನು, ಎರಡನೆಯದು ತಂತಿಯ ಗಾತ್ರವನ್ನು ನಿರ್ಧರಿಸುತ್ತದೆ. ಮೂರನೆಯದನ್ನು ನಮ್ಮಲ್ಲಿ ಕೇಳುವವರೇ ಕಡಿಮೆ. ಹಾಸಿದ ದಿನಾಂಕ, ತೆಗೆಯುವ ದಿನಾಂಕ, ಹೊಣೆಗಾರರ ಹೆಸರು ಮ್ಯಾಟಿನ ಮೇಲೆಯೇ ಅಂಟಿಸುವ ಪದ್ಧತಿ ಬಂದರೆ ಆ ಪ್ರಶ್ನೆ ತಪ್ಪಿಸಿಕೊಳ್ಳುವಂತಿಲ್ಲ. ತೆಗೆಯುವ ದಿನ ಕಳೆದೂ ಮ್ಯಾಟು ಅಲ್ಲೇ ಇದ್ದರೆ, ಹೊಸ ಮ್ಯಾಟಿಗೆ ಇಂಡೆಂಟ್ ಹಾಕುವ ಬದಲು ಆ ಜಾಗಕ್ಕೊಂದು ಪ್ಲಗ್ ಪಾಯಿಂಟ್ ಮಂಜೂರು ಮಾಡಿಸಬೇಕು.