ಬಾಲ್‌ಪೆನ್ನಿನಲ್ಲಿ ಹೆಸರು ಬರೆದ ಕ್ಯಾಸೆಟ್ಟುಗಳು

ಕೆರಾಡಿ, ವಂಡ್ಸೆ ಕಡೆಯ ಯಾವ ದೇವಸ್ಥಾನಕ್ಕೆ ಬೇಕಾದರೂ ಹಬ್ಬದ ದಿನ ಬೆಳಗ್ಗೆ ಹೋಗಿ. ಕಚೇರಿಯ ಮೇಜಿನ ಮೇಲೆ ಒಂದು ಆಂಪ್ಲಿಫೈಯರ್, ಅದಕ್ಕೆ ಸಿಕ್ಕಿಸಿದ ಒಂದು ಪೆನ್‌ಡ್ರೈವ್. ಮೊದಲು ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ. ದೇವಸ್ಥಾನ ಈಶ್ವರನದ್ದಾದರೂ ಅದೇ, ಅಮ್ಮನವರದ್ದಾದರೂ ಅದೇ. ಆಮೇಲೆ ಭೀಮಸೇನ ಜೋಶಿಯವರ ದಾಸರ ಪದ, ವಿದ್ಯಾಭೂಷಣರ ದಾಸರ ಪದ. ಮಹಾಪೂಜೆ ಮುಗಿದು ಊಟದ ಪಂಕ್ತಿ ಕೂರುವ ಹೊತ್ತಿಗೆ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್.

ಈ ಪಟ್ಟಿಯನ್ನು ಯಾರೂ ಸಭೆ ಕರೆದು ಆರಿಸಿದ್ದಲ್ಲ. ಆದರೂ ಊರಿಂದ ಊರಿಗೆ ಪಟ್ಟಿ ಹೆಚ್ಚು ಕಡಿಮೆ ಒಂದೇ. ನಮ್ಮಲ್ಲಿ ಬಹಳ ಮಂದಿಗೆ ಶಾಸ್ತ್ರೀಯ ಸಂಗೀತ ಎಂದರೆ ಇಷ್ಟೇ. ಕಛೇರಿಗೆ ಹೋಗಿ ಕೂತವರು ಕಡಿಮೆ, ಮೈಕಿನಲ್ಲಿ ಕೇಳಿದವರೇ ಹೆಚ್ಚು. ಈ ಹಾಡುಗಳು ಹೇಗೆ ಇಲ್ಲಿಯವರೆಗೆ ಬಂದವು, ಪಟ್ಟಿಯಲ್ಲಿ ಯಾವುದು ಬಿಟ್ಟುಹೋಗಿದೆ ಎಂದು ನೋಡಲು ಹೊರಟರೆ ನೂರಕ್ಕೂ ಹೆಚ್ಚು ವರ್ಷ ಹಿಂದೆ ಹೋಗಬೇಕಾಗುತ್ತದೆ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಎಂಬ ಗಾಯಕಿಯ ಹಾಡನ್ನು ತಟ್ಟೆಗೆ ಇಳಿಸಿಕೊಂಡ. ಆಗ ಮೈಕ್ ಇರಲಿಲ್ಲ. ದೊಡ್ಡ ಕಹಳೆಯಂಥ ಕೊಳವೆಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ರಾತ್ರಿಯಿಡೀ ಒಂದೊಂದು ರಾಗವನ್ನು ಬಿಡಿಸುತ್ತಿದ್ದವರು ಆಲಾಪ, ಸಾಹಿತ್ಯ, ತಾನ ಎಲ್ಲವನ್ನೂ ಮೂರು ನಿಮಿಷದಲ್ಲಿ ಮುಗಿಸಬೇಕು. ಗೌಹರ್ ಜಾನ್ ಅದನ್ನು ಮಾಡಿ ತೋರಿಸಿದರು. ಹಾಡು ಮುಗಿಯುತ್ತಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಕೂಗಿ ಹೇಳುತ್ತಿದ್ದರು. ತಟ್ಟೆಯ ಅಚ್ಚು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ, ಅದಕ್ಕಾಗಿ ಈ ಕೂಗು. ಕಲ್ಕತ್ತೆಯಲ್ಲೇ ತಟ್ಟೆ ಒತ್ತುವ ಕಾರ್ಖಾನೆ ಬಂದದ್ದು 1908ರಲ್ಲಿ.

ಈ ಗೌಹರ್ ಜಾನರ ಕೊನೆಗಾಲ ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಅರಮನೆಯ ಗಾಯಕಿಯಾಗಿ ನೇಮಿಸಿಕೊಂಡರು. 1930ರ ಜನವರಿ 17ರಂದು ಅವರು ಅಲ್ಲೇ ತೀರಿಕೊಂಡರು.

ತಟ್ಟೆಗಳನ್ನು ಮಾಡುತ್ತಿದ್ದದ್ದು ಅರಗಿನಿಂದ. ಕೆಳಗೆ ಬಿದ್ದರೆ ಹಂಚಿನ ಹಾಗೆ ಒಡೆಯುತ್ತಿತ್ತು. ಆದರೆ ಪೆಟ್ಟಿಗೆಗೆ ಕರೆಂಟು ಬೇಡ, ಕೀಲಿ ತಿರುಗಿಸಿದರೆ ಸಾಕು. ಹಾಗಾಗಿ ವಿದ್ಯುತ್ ಕಾಣದ ಊರುಗಳಿಗೂ ಹಾಡು ಹೋಯಿತು. ಅದು ಏನೆಲ್ಲ ಮಾಡಿತು ಎನ್ನುವುದಕ್ಕೆ ಗದಗಿನ ಒಬ್ಬ ಹುಡುಗನ ಕಥೆ ಇದೆ. ಅಂಗಡಿಯೊಂದರಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ರೆಕಾರ್ಡು ಹಾಕುತ್ತಿದ್ದರಂತೆ. ಹುಡುಗ ಅದರ ಮುಂದೆ ಮೈಮರೆತು ನಿಲ್ಲುತ್ತಿದ್ದ. ಹೀಗೆಯೇ ಹಾಡಬೇಕು, ಇದನ್ನು ಕಲಿಸುವ ಗುರು ಬೇಕು ಎಂದು 1933ರಲ್ಲಿ, 11ನೇ ವಯಸ್ಸಿನಲ್ಲಿ, ಮನೆ ಬಿಟ್ಟು ಓಡಿದ. ಉತ್ತರ ಭಾರತವನ್ನೆಲ್ಲ ಸುತ್ತಿ ಬಂದು ಕೊನೆಗೆ 1936ರಲ್ಲಿ ಸೇರಿದ್ದು ಕುಂದಗೋಳದ ಸವಾಯಿ ಗಂಧರ್ವರನ್ನು. ಅವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಆ ಹುಡುಗನೇ ಭೀಮಸೇನ ಜೋಶಿ. ರೆಕಾರ್ಡಿನಲ್ಲಿ ಕೇಳಿದ ದನಿಯನ್ನು ಹುಡುಕಿಕೊಂಡು ಹೊರಟವರ ದನಿ ಇವತ್ತು ನಮ್ಮ ದೇವಸ್ಥಾನದ ಪೆನ್‌ಡ್ರೈವಿನಲ್ಲಿದೆ.

ಸವಾಯಿ ಗಂಧರ್ವರಲ್ಲೇ ಕಲಿತ ಗಂಗೂಬಾಯಿ ಹಾನಗಲ್ಲರ ವಿಷಯ ಇನ್ನೂ ಸೋಜಿಗ. 1930ರ ದಶಕದ ಅವರ ಮೊದಲ ರೆಕಾರ್ಡುಗಳ ಮೇಲೆ ಇರುವ ಹೆಸರು ಗಾಂಧಾರಿ ಹುಬ್ಳೀಕರ್. ಅದರಲ್ಲಿ ಕೇಳುವುದು ಎತ್ತರದ, ತೆಳುವಾದ ಹೆಣ್ಣುದನಿ. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ದನಿ ಪೂರಾ ಬದಲಾಯಿತು. ನಮಗೆಲ್ಲ ಗೊತ್ತಿರುವ ಗಂಗಜ್ಜಿಯ ಗಡಸು ಗಂಭೀರ ದನಿ ಆಮೇಲಿನದು. ಅವರ ಮೊದಲಿನ ದನಿ ಹೇಗಿತ್ತೆಂದು ತಿಳಿಯಬೇಕಾದರೆ ಆ ತಟ್ಟೆಗಳಿಗೇ ಹೋಗಬೇಕು. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರು ನಿಮಿಷದ ಬೇಲಿ ಮುರಿದದ್ದು ಎಲ್.ಪಿ. ತಟ್ಟೆ. ಒಂದು ಬದಿಗೆ 20 ನಿಮಿಷಕ್ಕೂ ಮಿಕ್ಕಿ ಹಿಡಿಯಿತು. 1963ರಲ್ಲಿ ಎಚ್.ಎಂ.ವಿ. ಕಂಪನಿ ಸುಬ್ಬುಲಕ್ಷ್ಮಿಯವರ ಸುಪ್ರಭಾತವನ್ನು ಎಲ್.ಪಿ.ಯಾಗಿ ತಂದಿತು. ಜೊತೆಯಲ್ಲಿ ಹಾಡಿದವರು ಮಗಳು ರಾಧಾ ವಿಶ್ವನಾಥನ್. ಅದರ ರಾಯಧನ ತಿರುಪತಿ ದೇವಸ್ಥಾನಕ್ಕೆ ಎಂದು ಬಿಟ್ಟುಕೊಟ್ಟರು. ಒಂದು ಪೂಜೆಯ ಹೊತ್ತಿಗೆ ಸರಿಯಾಗಿ ಕೂರುವ ಉದ್ದ, ಸ್ಪಷ್ಟ ಉಚ್ಚಾರ, ಯಾವ ಮೈಕಿನಲ್ಲಿ ಹಾಕಿದರೂ ಒಡೆಯದ ದನಿ. ಊರೂರಿನ ದೇವಸ್ಥಾನಗಳು ಅದನ್ನು ಹಿಡಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಕರಾವಳಿಗೆ ತನ್ನದೇ ರೇಡಿಯೋ ಕೇಂದ್ರ ಬಂದದ್ದು 1976ರ ಡಿಸೆಂಬರ್ 11ರಂದು, ಮಂಗಳೂರು ಆಕಾಶವಾಣಿ. ಅದರ ಪ್ರಸಾರ ಗೋಪುರ ನಿಂತಿರುವುದು ಬ್ರಹ್ಮಾವರದಲ್ಲಿ. ಯಕ್ಷಗಾನ, ತಾಳಮದ್ದಲೆ, ಕರ್ನಾಟಕ ಸಂಗೀತ ಎಲ್ಲ ಒಂದೇ ಪೆಟ್ಟಿಗೆಯಿಂದ ಬಂದವು. ಆದರೆ ರೇಡಿಯೋ ಹಾಕಿದ್ದನ್ನು ನಾವು ಕೇಳಬೇಕು. ಮತ್ತೆ ಬೇಕೆಂದರೆ ಸಿಗುವುದಿಲ್ಲ.

ಅದು ಬದಲಾದದ್ದು ಕ್ಯಾಸೆಟ್ಟಿನಿಂದ. ಕನ್ನಡದಲ್ಲಿ ಧ್ವನಿಸುರುಳಿಯ ಕಾಲ ಶುರುವಾದದ್ದನ್ನು ಹೇಳುವಾಗ ಎಲ್ಲರೂ ನಿಸಾರ್ ಅಹಮದರ ಕವಿತೆಗಳ, ಮೈಸೂರು ಅನಂತಸ್ವಾಮಿಯವರ ಸಂಗೀತದ 'ನಿತ್ಯೋತ್ಸವ'ವನ್ನು ನೆನೆಯುತ್ತಾರೆ. ಅದು 1978ರದ್ದು. 80ರ ದಶಕದಲ್ಲಿ ಮುಂಬಯಿ ಹೋಟೆಲುಗಳಲ್ಲಿ, ಗಲ್ಫಿನಲ್ಲಿ ದುಡಿಯುತ್ತಿದ್ದವರು ರಜೆಗೆ ಬರುವಾಗ ಟೂ-ಇನ್-ಒನ್ ಹಿಡಿದುಕೊಂಡು ಬಂದರು. ಕುಕ್ಕೆ ಸುಬ್ರಹ್ಮಣ್ಯ ಮಠದ ಸ್ವಾಮಿಗಳಾಗಿದ್ದಾಗಲೇ ಹಾಡುತ್ತಿದ್ದ ವಿದ್ಯಾಭೂಷಣರ ದಾಸರ ಪದಗಳು ಮನೆಮನೆಗೆ ಹೋದದ್ದು ಕ್ಯಾಸೆಟ್ಟಿನಲ್ಲೇ. ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ, ಅದರಲ್ಲೇ ಕರ್ನಾಟಕ ಸಂಗೀತ ನುಡಿಸುತ್ತೇನೆಂದು ಹಟ ಹಿಡಿದು ವರ್ಷಗಟ್ಟಲೆ ಪಳಗಿಸಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಇವತ್ತು ನಮ್ಮ ಕಡೆ ಮದುವೆಗೆ ಸ್ಯಾಕ್ಸೋಫೋನ್ ಇಲ್ಲದಿದ್ದರೆ ಏನೋ ಕೊರತೆ ಅನ್ನಿಸುತ್ತದೆ. ಆ ವಾದ್ಯ ಬೆಲ್ಜಿಯಂ ದೇಶದವನು ಮಾಡಿದ್ದು ಎಂದರೆ ನಂಬದವರೂ ಇದ್ದಾರೆ.

ಪೇಟೆಗೆ ಹೋದಾಗ ಕ್ಯಾಸೆಟ್ ಅಂಗಡಿಯಲ್ಲಿ ಚೀಟಿ ಕೊಟ್ಟು ಬೇಕಾದ ಹಾಡನ್ನೆಲ್ಲ ಒಂದೇ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬರುತ್ತಿದ್ದರು. ನಾವು ಈಗ ಮೊಬೈಲಿನಲ್ಲಿ ಮಾಡುವ ಪಟ್ಟಿಯನ್ನು ಅವರು ಆಗಲೇ ಮಾಡಿದ್ದರು. ದೇವಸ್ಥಾನದ ಪೆನ್‌ಡ್ರೈವ್ ಇಂಥ ಕ್ಯಾಸೆಟ್ಟುಗಳ ಮೊಮ್ಮಗ.

ಇಲ್ಲಿಯವರೆಗಿನದು ಹಾಡು ನಮ್ಮ ಊರಿಗೆ ಬಂದ ಕಥೆ. ಆದರೆ ಟೂ-ಇನ್-ಒನ್‌ನಲ್ಲಿ ಕೆಂಪು ಗುರುತಿನ ಒಂದು ಗುಂಡಿಯೂ ಇತ್ತು. ಅದನ್ನು ಒತ್ತಿದರೆ ಎದುರಿಗೆ ಕೇಳಿದ್ದೆಲ್ಲ ಟೇಪಿಗೆ ಇಳಿಯುತ್ತಿತ್ತು. ಗ್ರಾಮಫೋನಿನ ಕಾಲದಲ್ಲಿ ರೆಕಾರ್ಡು ಮಾಡುವ ಅಧಿಕಾರ ಕಂಪನಿಯದ್ದು. ಯಾರು ಹಾಡಬೇಕು, ಎಷ್ಟು ಹಾಡಬೇಕು ಎಂದು ಅವರು ಹೇಳುತ್ತಿದ್ದರು. ಈಗ ಗೇರು ತೋಪಿನ ಆಚೆಯ ಮನೆಯವನೂ ರೆಕಾರ್ಡು ಮಾಡಬಹುದಾಯಿತು. ಅವನು ಮಾಡಿದ್ದು ಆಟದ ಪದ್ಯಗಳನ್ನು.

ಕೆರಾಡಿಯ ಸುತ್ತಮುತ್ತ ಮಾರಣಕಟ್ಟೆ, ಕಮಲಶಿಲೆ, ಮಂದಾರ್ತಿ ಮೇಳಗಳ ಹರಕೆಯಾಟ ಬಾರದ ವರ್ಷವಿಲ್ಲ. ಸಾಲಿಗ್ರಾಮ, ಪೆರ್ಡೂರು ಮೇಳಗಳ ಟೆಂಟಿನ ಆಟ ಬೇರೆ. ರಾತ್ರಿ ಶುರುವಾದರೆ ಮುಗಿಯುವುದು ಬೆಳಕು ಹರಿಯುವಾಗ. ಎಂಟು ತಾಸಿನ ಆಟವನ್ನು ಮೂರು ನಿಮಿಷದ ತಟ್ಟೆಗೆ ಹೇಗೆ ತುಂಬುವುದು? ಎಲ್.ಪಿ.ಗೂ ಅದು ಹಿಡಿಸದು. ಕಂಪನಿಗಳ ಸಂಗೀತದ ಪಟ್ಟಿಯಲ್ಲಿ ನಮ್ಮ ಭಾಗವತಿಕೆಗೆ ಜಾಗ ಸಣ್ಣದಾದದ್ದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಇನ್ನೊಂದು ಕಾರಣ, ಅದನ್ನು ಶಾಸ್ತ್ರೀಯ ಎಂದು ಒಪ್ಪದ ಜನ. ಕೋಟದ ಶಿವರಾಮ ಕಾರಂತರು ಮಾತ್ರ ಬೇರೆ ಮಾತು ಹೇಳಿದರು. ಯಕ್ಷಗಾನಕ್ಕೆ ತನ್ನದೇ ರಾಗಗಳು, ತನ್ನದೇ ಹಾಡುವ ಕ್ರಮ ಇದೆ, ಅದು ಮರೆಯಾಗುತ್ತಿದೆ ಎಂದು ಹಳೆಯ ಭಾಗವತರನ್ನು ಹುಡುಕಿ ಕೇಳಿ ಬರೆದರು. 1957ರಲ್ಲಿ ಬಂದ ಅವರ 'ಯಕ್ಷಗಾನ ಬಯಲಾಟ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು.

ಸಾಮಾನ್ಯ ಕ್ಯಾಸೆಟ್ಟಿನ ಲೆಕ್ಕ ಹೀಗೆ. ಟೇಪು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಬದಿಗೆ 30 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 86 ಮೀಟರ್ ಟೇಪು ಇರುತ್ತದೆ. ಇಡೀ ರಾತ್ರಿಯ ಆಟ ಹಿಡಿಯಲು ಅಂಥ ಎಂಟು ಕ್ಯಾಸೆಟ್ ಬೇಕು. ಅಷ್ಟು ದುಡ್ಡು ಯಾರಲ್ಲಿ? ಹಾಗಾಗಿ ವೇಷಧಾರಿ ಮಾತು ಶುರುಮಾಡಿದೊಡನೆ ಪಾಸ್ ಗುಂಡಿ ಒತ್ತುವುದು, ಭಾಗವತರು ಜಾಗಟೆ ಎತ್ತಿದೊಡನೆ ಬಿಡುವುದು. ಹೀಗೆ ಪದ್ಯಗಳೇ ಉಳಿದ ಕ್ಯಾಸೆಟ್ಟುಗಳು ಹುಟ್ಟಿಕೊಂಡವು. ಅರ್ಥಗಾರಿಕೆಗೆ ಇದರಿಂದ ನಷ್ಟವಾಯಿತು, ಆ ಮಾತು ಬೇರೆ.

ಈ ಕಾಲದ ದೊಡ್ಡ ಹೆಸರು ಗುಂಡ್ಮಿಯ ಕಾಳಿಂಗ ನಾವಡರು. 1958ರಲ್ಲಿ ಹುಟ್ಟಿದವರು, ನಾರಣಪ್ಪ ಉಪ್ಪೂರರ ಶಿಷ್ಯರು. ಅವರು ಹಾಡುತ್ತಾರೆಂದರೆ ಜನ ಮೈಲಿಗಟ್ಟಲೆ ನಡೆದು ಬರುತ್ತಿದ್ದರು. ಹಿಂದೂಸ್ತಾನಿ, ಕರ್ನಾಟಕ ಎರಡೂ ಕಡೆಯ ರಾಗಗಳನ್ನು ಪದ್ಯಕ್ಕೆ ತಂದರು. ಅದನ್ನು ಕೇಳಿ ಕುಣಿದವರಿದ್ದರು, ಬಡಗಿನ ಸಂಪ್ರದಾಯ ಕೆಟ್ಟಿತು ಎಂದು ಮುನಿದವರೂ ಇದ್ದರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರ ವಯಸ್ಸು 32 ದಾಟಿರಲಿಲ್ಲ. ಅವರ ಪದ್ಯಗಳ ಮಾರಾಟದ ಕ್ಯಾಸೆಟ್ಟುಗಳೂ ಇದ್ದವು. ಆದರೆ ಒಂದೊಂದು ರಾತ್ರಿ ಒಂದೊಂದು ಊರಿನಲ್ಲಿ ಒಂದೇ ಪದ್ಯವನ್ನು ಅವರು ಹೇಗೆ ಹೇಗೆ ಹಾಡಿದರು ಎನ್ನುವುದು ಉಳಿದಿದ್ದರೆ ಪ್ರೇಕ್ಷಕರ ಟೇಪಿನಲ್ಲಿ ಉಳಿದಿದೆ. ಸಂಪ್ರದಾಯ ಬೆಳೆಯಿತೋ ಕೆಟ್ಟಿತೋ ಎಂಬ ಆ ಜಗಳವನ್ನು ಕಿವಿಯಿಂದ ತೀರ್ಮಾನಿಸಬೇಕಾದರೂ ಬೇಕಾಗುವುದು ಅದೇ ಟೇಪು.

ಈಗ ಅಟ್ಟದ ವಿಷಯ. ಹೋದ ಮಳೆಗಾಲದ ಮೊದಲು ನಮ್ಮ ದೊಡ್ಡಪ್ಪಯ್ಯನ ಮನೆಯ ಅಟ್ಟ ಗುಡಿಸುವಾಗ ಎರಡು ಬಿಸ್ಕೆಟ್ ಡಬ್ಬಿ ತುಂಬ ಕ್ಯಾಸೆಟ್ ಸಿಕ್ಕಿತು. "ಅದ್ ಎಂತ ಮಾಡುಕ್ ಮಾರಾಯಾ, ಬಿಸಾಡ್" ಎಂದರು ದೊಡ್ಡಪ್ಪಯ್ಯ. ಅರ್ಧದಷ್ಟು ಅಂಗಡಿಯಲ್ಲಿ ಕೊಂಡವು, ಬಣ್ಣದ ಚಿತ್ರ, ಕಂಪನಿಯ ಹೆಸರು ಇದ್ದವು. ಉಳಿದವುಗಳ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಊರಿನ ಹೆಸರು, ಮೇಳದ ಹೆಸರು, ಕೆಲವದರಲ್ಲಿ ಇಸವಿ. ನನ್ನ ಕೈ ಮೊದಲು ಹೋದದ್ದು ಬಣ್ಣದ ಕಡೆಗೆ. ಚಂದ ಕಂಡದ್ದನ್ನು ತೆಗೆದಿಟ್ಟು ಬಾಲ್‌ಪೆನ್ನಿನ ಆರೇಳು ಕ್ಯಾಸೆಟ್ಟನ್ನು ಕಸದ ಗೋಣಿಗೆ ಹಾಕಿಯೂ ಆಗಿತ್ತು. ಆಗ ನೆನಪಾದದ್ದು ಗಾಂಧಾರಿ ಹುಬ್ಳೀಕರ್.

ಯೋಚನೆ ಮಾಡಿ. ಸುಪ್ರಭಾತದ ಕ್ಯಾಸೆಟ್ ಹಾಳಾದರೆ ಏನೂ ಹೋಗುವುದಿಲ್ಲ. ಕಂಪನಿಯಲ್ಲಿ ಅದರ ಮೂಲ ಇದೆ, ನಿಮ್ಮ ಮೊಬೈಲಿನಲ್ಲೇ ಸಿಗುತ್ತದೆ. ಬಾಲ್‌ಪೆನ್ನಿನ ಕ್ಯಾಸೆಟ್ಟಿಗೆ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಅದೇ ಮೂಲ. ಗೋಣಿಯಿಂದ ಎಲ್ಲವನ್ನೂ ವಾಪಸು ತೆಗೆದೆ.

ನಿಮ್ಮ ಮನೆಯಲ್ಲೂ ಇದ್ದರೆ ಕೆಲವು ಮಾತು. ಟೇಪೆಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಹಚ್ಚಿದ ಕಬ್ಬಿಣದ ಆಕ್ಸೈಡಿನ ಪುಡಿ. ನಮ್ಮ ಮಳೆಗೆ ಅದು ಬೂಷ್ಟು ಹಿಡಿಯುತ್ತದೆ. ಕಿಟಕಿಯಲ್ಲಿ ಬಿಳಿ ಬಿಳಿ ಕಂಡರೆ ಹಾಗೇ ಪ್ಲೇಯರಿಗೆ ಹಾಕಬೇಡಿ, ಪ್ಲೇಯರಿನ ಹೆಡ್ಡೂ ಹಾಳು, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ. ಬಿಸಿಲಿಗೆ ಇಡಬೇಡಿ, ಪಟ್ಟಿ ಸೊಟ್ಟಗಾಗುತ್ತದೆ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಸಣ್ಣ ಹಲ್ಲುಗಳನ್ನು ಮುರಿದುಬಿಡಿ, ಆಮೇಲೆ ತಪ್ಪಿಯೂ ಅದರ ಮೇಲೆ ಬೇರೇನೂ ರೆಕಾರ್ಡ್ ಆಗದು. ಓಡುವ ಪ್ಲೇಯರ್ ಸಿಕ್ಕರೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿ, ಇಯರ್‌ಫೋನ್ ತೂತಿನಿಂದ ವಯರು ಎಳೆದು ಕಂಪ್ಯೂಟರಿಗೆ ಇಳಿಸಿ. ಪ್ಲೇಯರಿನ ಎದುರು ಮೊಬೈಲ್ ಹಿಡಿದು ಮಾಡುವುದಕ್ಕಿಂತ ಅದು ಎಷ್ಟೋ ಪಾಲು ಚೊಕ್ಕ. ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು, ಆಟ ನೋಡಿದ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುವುದು. ಭಾಗವತರು ಯಾರು, ಮದ್ದಳೆ ಯಾರದ್ದು, ಚಂಡೆ ಯಾರದ್ದು, ಪ್ರಸಂಗ ಯಾವುದು ಎಂದು ಅವರು ದನಿಯಿಂದಲೇ ಹೇಳುತ್ತಾರೆ. ಟೇಪು ಇನ್ನೂ ಹತ್ತು ವರ್ಷ ತಾಳಬಹುದು. ಆ ನೆನಪು ಅಷ್ಟು ಕಾಯುತ್ತದೆಂದು ಹೇಳಲಾಗದು.

ನಮ್ಮ ಡಬ್ಬಿಯಲ್ಲಿದ್ದ ಹದಿನೇಳರಲ್ಲಿ ಓಡಿದ್ದು ಹನ್ನೊಂದು. ಬಿಸಾಡು ಎಂದಿದ್ದ ದೊಡ್ಡಪ್ಪಯ್ಯ ಮೂರನೆಯದು ಹಾಕಿದಾಗ ಎದ್ದು ಬಂದು ಪ್ಲೇಯರಿನ ಪಕ್ಕ ಕೂತರು. ಭಾಗವತರ ಏರುಪದ್ಯ, ಚಂಡೆ, ಜನರ ಶಿಳ್ಳೆ. ಪದ್ಯ ಮುಗಿಯುವಾಗ ಒಂದು ಮಗು ಅಳುತ್ತದೆ. ಮೈಕಿಗೆ ತೀರ ಹತ್ತಿರದಲ್ಲಿ ಒಬ್ಬ ಹುಡುಗನ ದನಿ, "ಸ್ವಲ್ಪ ಆಚಿಗ್ ಕೂಕಣಿ, ಟೇಪಿಗ್ ಬತ್ತ್" ಎನ್ನುತ್ತದೆ. ಆಮೇಲೆ ಪಾಸ್ ಗುಂಡಿಯ ಟಕ್. ದೊಡ್ಡಪ್ಪಯ್ಯ ನಕ್ಕು, "ಅದ್ ನಾನೇ" ಎಂದರು.